ಈಚಲ ಮರದ ಕೆಳಗಿನ ಮಜ್ಜಿಗೆ

2008ರ ಆಗಸ್ಟ್ 17, ಭಾನುವಾರ. ಬೆಳಗಿನ ಕಾಫಿಯ ಲೋಟ ಹಿಡಿದು ಮನೆಮಂದಿಯೆಲ್ಲ ಟೆಲಿವಿಷನ್ನಿನ ಮುಂದೆ ಕುಳಿತಿದ್ದೆವು. ಬೀಜಿಂಗ್ ಒಲಿಂಪಿಕ್ಸಿನಲ್ಲಿ ಹೆಂಗಸರ 50 ಮೀಟರ್ ಫ್ರೀಸ್ಟೈಲ್ ಈಜು ಆಗತಾನೆ ಮುಗಿದಿತ್ತು. ಜರ್ಮನಿಯ ಬ್ರಿಟಾ ಸ್ಟೆಫೆನ್ 24.06 ಸೆಕೆಂಡಿಗೆ ಗೋಡೆ ಮುಟ್ಟಿದ್ದರು. ಅಮೆರಿಕದ ಡಾರಾ ಟೊರೆಸ್ 24.07ಕ್ಕೆ. ಗೆದ್ದವರಿಗೆ 24 ವರ್ಷ, ಕೂದಲೆಳೆಯಲ್ಲಿ ಸೋತವರಿಗೆ 41. ಎರಡು ವರ್ಷದ ಮಗುವಿನ ತಾಯಿ ಬೇರೆ. ನಮ್ಮ ಭಾವನವರು ಲೋಟ ಕೆಳಗಿಟ್ಟು, “ಈ ವಯಸ್ಸಿನಲ್ಲಿ ಇದು ಆಗುವ ಮಾತೇನಯ್ಯ? ಏನೋ ನುಂಗಿರಬೇಕು” ಎಂದರು. ನಾನು ಮಾತಾಡಲಿಲ್ಲ. ನನ್ನ ಮನಸ್ಸಿನಲ್ಲಿದ್ದುದೂ ಅದೇ.

ಟೊರೆಸ್ ಅವರ ‘ಏಜ್ ಈಸ್ ಜಸ್ಟ್ ಎ ನಂಬರ್’ ಪುಸ್ತಕವನ್ನು ಈಚೆಗೆ ಓದುವಾಗ ಆ ಮಾತು ಮತ್ತೆ ಮತ್ತೆ ನೆನಪಾಯಿತು. ಪತ್ರಕರ್ತೆ ಎಲಿಜಬೆತ್ ವೈಲ್ ಅವರ ನೆರವಿನಿಂದ ಬರೆದು 2009ರಲ್ಲಿ ಪ್ರಕಟಿಸಿದ ಆತ್ಮಕಥನವಿದು. ವಯಸ್ಸೆಂಬುದು ಬರಿಯ ಒಂದು ಅಂಕಿ ಎಂಬುದು ಹೆಸರಿನ ಅರ್ಥ. ಕ್ರೀಡಾಪಟುಗಳ ಆತ್ಮಕಥೆಗಳನ್ನು ಸಾಹಿತ್ಯವೆಂದು ಎಣಿಸುವ ರೂಢಿ ನಮ್ಮಲ್ಲಿಲ್ಲ. ಆದರೂ ಈ ಪುಸ್ತಕ ವಿಮರ್ಶಕನ ಮುಂದೆ ನಿಜವಾದ ಒಂದು ಪ್ರಶ್ನೆಯನ್ನಿಡುತ್ತದೆ. ತಾನು ನಿರಪರಾಧಿ ಎಂಬುದನ್ನು ಒಬ್ಬ ವ್ಯಕ್ತಿ ತನ್ನ ಬರವಣಿಗೆಯಿಂದ ಓದುಗನಿಗೆ ಮನಗಾಣಿಸಬಲ್ಲನೆ?

ಅನುಮಾನಕ್ಕೆ ಆಧಾರವೇ ಇರಲಿಲ್ಲವೆಂದು ಹೇಳುವಂತಿಲ್ಲ. 2000ದ ಸಿಡ್ನಿ ಒಲಿಂಪಿಕ್ಸಿನಲ್ಲಿ, 33ರ ವಯಸ್ಸಿನಲ್ಲಿ, ಟೊರೆಸ್ ಇದೇ 50 ಮೀಟರನ್ನು 24.63 ಸೆಕೆಂಡಿನಲ್ಲಿ ಈಜಿ ಕಂಚು ಪಡೆದಿದ್ದರು. ಎಂಟು ವರ್ಷ ಕಳೆದು, ಬಸುರಿ ಬಾಣಂತನ ಮುಗಿಸಿ ಬಂದಾಗ ಆ ವೇಳೆ ಅರ್ಧ ಸೆಕೆಂಡಿಗೂ ಹೆಚ್ಚು ಇಳಿದಿತ್ತು. ಇಂಥ ಸ್ಪರ್ಧೆಯಲ್ಲಿ ಅರ್ಧ ಸೆಕೆಂಡೆಂದರೆ ಸಾಮಾನ್ಯವಲ್ಲ. 1972ರಲ್ಲಿ 7 ಚಿನ್ನ ಗೆದ್ದ ಮಾರ್ಕ್ ಸ್ಪಿಟ್ಜ್, ಇಪ್ಪತ್ತು ವರ್ಷದ ಮೇಲೆ ಮತ್ತೆ ನೀರಿಗಿಳಿಯಲು ಯತ್ನಿಸಿ ಅರ್ಹತೆಯ ವೇಳೆಯನ್ನೂ ಮುಟ್ಟಲಾರದೆ ಹೋದುದನ್ನು ಜಗತ್ತು ಕಂಡಿತ್ತು. ವಯಸ್ಸಾದ ದೇಹ ಮೊದಲು ಕಳೆದುಕೊಳ್ಳುವುದು ದಣಿವಿನಿಂದ ಬೇಗ ಚೇತರಿಸಿಕೊಳ್ಳುವ ಶಕ್ತಿಯನ್ನು. ಉದ್ದೀಪನ ಮದ್ದುಗಳಲ್ಲಿ ಕೆಲವು ಮಾಡಿಕೊಡುವುದೂ ಅದನ್ನೇ. ಇವೆಲ್ಲಕ್ಕೂ ಮಿಗಿಲಾಗಿ, ಎಷ್ಟೋ ಪರೀಕ್ಷೆಗಳನ್ನು ದಾಟಿದ್ದ ಓಟಗಾರ್ತಿ ಮರಿಯನ್ ಜೋನ್ಸ್ ತಾನು ಮದ್ದು ಸೇವಿಸಿದ್ದೆನೆಂದು 2007ರಲ್ಲಿ ನ್ಯಾಯಾಲಯದಲ್ಲಿ ಒಪ್ಪಿಕೊಂಡು ಒಂದು ವರ್ಷವೂ ಆಗಿರಲಿಲ್ಲ. ಈಚಲ ಮರದ ಕೆಳಗೆ ಕುಳಿತು ಮಜ್ಜಿಗೆ ಕುಡಿದವರ ಪಾಡು ನಮಗೆಲ್ಲ ಗೊತ್ತಿರುವುದೇ. ಟೊರೆಸ್ ಅವರು ಕುಳಿತಿದ್ದುದು ಅಂಥ ಮರದ ಕೆಳಗೆ.

ಇದಕ್ಕೆ ಆಕೆ ಕೊಡುವ ಮುಖ್ಯ ಉತ್ತರವೆಂದರೆ, ತಾವೇ ಮುಂದಾಗಿ ಪರೀಕ್ಷೆಗೆ ಒಪ್ಪಿಸಿಕೊಂಡದ್ದು. 2008ರಲ್ಲಿ ಅಮೆರಿಕದ ಮದ್ದು ತಡೆ ಸಂಸ್ಥೆಯು ಕೆಲವೇ ಆಟಗಾರರಿಗಾಗಿ ಒಂದು ಪ್ರಾಯೋಗಿಕ ಯೋಜನೆ ನಡೆಸಿತು. ಒಪ್ಪಿದವರ ರಕ್ತ, ಮೂತ್ರಗಳನ್ನು ನಿಯಮ ಕೇಳುವುದಕ್ಕಿಂತ ಹೆಚ್ಚು ಸಲ ಪರೀಕ್ಷಿಸುವ ಏರ್ಪಾಡು ಅದು. ಟೊರೆಸ್ ಅದಕ್ಕೆ ಸೇರಿದರು. ಯಾವ ಪರೀಕ್ಷೆಯಲ್ಲಿಯೂ ಸಿಕ್ಕಿಬೀಳಲಿಲ್ಲ. ಅಗ್ನಿಪರೀಕ್ಷೆಯೇನೋ ಆಯಿತು, ಆದರೆ ಅಗ್ನಿಯಿಂದ ಎದ್ದುಬಂದವಳ ಮೇಲೂ ಅಗಸನ ಮಾತು ತಪ್ಪಲಿಲ್ಲವೆಂಬುದು ನಮ್ಮ ಕಥೆ. ಸುಮ್ಮನಿದ್ದರೆ ಮುಚ್ಚಿಡುತ್ತಾಳೆ ಎನ್ನುತ್ತೇವೆ. ಮುಂದಾಗಿ ಹೇಳಿಕೊಂಡರೆ, ಕುಂಬಳಕಾಯಿ ಕಳ್ಳ ಎಂದಾಗ ಹೆಗಲು ಮುಟ್ಟಿ ನೋಡಿಕೊಂಡಳು ಎನ್ನುತ್ತೇವೆ. ಪರೀಕ್ಷೆಯು ಕಳ್ಳನನ್ನು ಹಿಡಿದುಕೊಟ್ಟೀತು. ಸಾಧುವನ್ನು ಸಾಧುವೆಂದು ಸ್ಥಾಪಿಸಲು ಅದಕ್ಕೆ ಆಗದು. ಆದುದರಿಂದ ಪುಸ್ತಕದಲ್ಲಿ ಆಕೆ ತಮ್ಮ ಪರವಾಗಿ ವಾದಿಸುವ ಪುಟಗಳು ನನಗೆ ಬಲಹೀನವೆನಿಸಿದುವು. ಅದು ಆಕೆಯ ತಪ್ಪಲ್ಲ; ವಾದದ ಸ್ವರೂಪವೇ ಅಂಥದು.

ಪುಸ್ತಕಕ್ಕೆ ಬಲ ಬರುವುದು ಆಕೆ ವಾದಿಸುವುದನ್ನು ಬಿಟ್ಟ ಕಡೆ. ಕಾಲೇಜಿನ ದಿನಗಳಲ್ಲಿ ತೂಕದ ಭಯದಿಂದ ಉಂಡದ್ದನ್ನು ಕಕ್ಕುವ ರೋಗ ಹತ್ತಿಸಿಕೊಂಡದ್ದನ್ನು ಆಕೆ ಮರೆಮಾಚದೆ ಹೇಳುತ್ತಾರೆ. ಕ್ಯಾನ್ಸರಿನಿಂದ ತಂದೆ ಕ್ಷೀಣಿಸುತ್ತ ಹೋದುದು, ಆ ದಿನಗಳಲ್ಲಿಯೇ ಮಗಳು ಹುಟ್ಟಿದುದು, ಒಲಿಂಪಿಕ್ಸಿಗೆ ಕೆಲವೇ ವಾರಗಳಿರುವಾಗ ಗುರು ಮೈಕೆಲ್ ಲೋಬರ್ಗ್ ರಕ್ತದ ಕಠಿನ ರೋಗಕ್ಕೆ ತುತ್ತಾಗಿ ಬೀಜಿಂಗಿಗೆ ಬರಲಾರದೆ ಹೋದುದು, ಇವುಗಳನ್ನು ಓದುವಾಗ ಗಡಿಯಾರ ಮರೆತುಹೋಗುತ್ತದೆ. ದೋಷವೂ ಇಲ್ಲದಿಲ್ಲ. ಪ್ರತಿಯೊಂದು ಕಷ್ಟದ ಕೊನೆಗೂ ಒಂದು ನೀತಿಯನ್ನು ಹೊಲಿದುಬಿಡುವ ಅಭ್ಯಾಸ ಈ ಬಗೆಯ ಅಮೆರಿಕನ್ ಪುಸ್ತಕಗಳಿಗುಂಟು. ಇದೂ ಅದರಿಂದ ತಪ್ಪಿಸಿಕೊಂಡಿಲ್ಲ.

ಅದಕ್ಕಿಂತ ದೊಡ್ಡ ದೋಷ ಹೆಸರಿನಲ್ಲಿಯೇ ಇದೆ. ವಯಸ್ಸು ಬರಿಯ ಅಂಕಿಯಲ್ಲವೆಂಬುದಕ್ಕೆ ಆಕೆಯ ದಿನಚರಿಯೇ ಸಾಕ್ಷಿ. ಎಳೆಯರಂತೆ ಮೈಲಿಗಟ್ಟಲೆ ಈಜುವುದನ್ನು ಬಿಟ್ಟು, ಕಡಮೆ ಈಜಿ ಹೆಚ್ಚು ವಿಶ್ರಾಂತಿ ಪಡೆದರು. ಕಸರತ್ತಿಗೆ ಒಬ್ಬ ಗುರು, ದಿನವೂ ಸ್ನಾಯುಗಳನ್ನು ಎಳೆದು ಹದಗೊಳಿಸಲು ಇಬ್ಬರು, ಮೈತಿಕ್ಕುವವರು, ಮಗುವನ್ನು ನೋಡಿಕೊಳ್ಳುವವರು ಎಂದು ದೊಡ್ಡ ಪರಿವಾರವೇ ಇತ್ತು. ಇದಕ್ಕೆಲ್ಲ ವರ್ಷಕ್ಕೆ ಸುಮಾರು 1 ಲಕ್ಷ ಡಾಲರ್ ಖರ್ಚೆಂದು ಆಗಿನ ಪತ್ರಿಕೆಗಳು ಬರೆದುವು. ಅಂದಿನ ಈಜುಡುಗೆಯೂ ಬೇರೆ ಬಗೆಯದು. ಮೈಗೆ ಅಂಟಿಕೊಂಡು ನೀರಿನಲ್ಲಿ ಜಾರುವಂತೆ ಮಾಡುತ್ತಿದ್ದ ಆ ಉಡುಗೆಗಳನ್ನು ತೊಟ್ಟು 2008, 2009ರಲ್ಲಿ ದಾಖಲೆಗಳು ಸಾಲಾಗಿ ಮುರಿದುವು. 2010ರಿಂದ ಅವಕ್ಕೆ ನಿಷೇಧ ಬಂದಿತು. ಆ ಅರ್ಧ ಸೆಕೆಂಡಿನಲ್ಲಿ ಉಡುಗೆಯ ಪಾಲೆಷ್ಟು, ಹಣದ ಪಾಲೆಷ್ಟು, ಛಲದ ಪಾಲೆಷ್ಟು ಎಂದು ಬೇರ್ಪಡಿಸಲು ಬಾರದು. ಆದರೆ ಮದ್ದೊಂದೇ ಕಾರಣವಾಗಿರಬೇಕೆಂಬ ನಮ್ಮ ತೀರ್ಮಾನ ಅವಸರದ್ದೆಂದು ತಿಳಿಯಲು ಇಷ್ಟು ಸಾಕು.

ಇನ್ನೊಂದು ವಿಷಯವನ್ನು ನಾವು ಅಂದು ಯೋಚಿಸಲೇ ಇಲ್ಲ. ಅದೇ ದಿನ ಅದೇ ಕೊಳದಲ್ಲಿ 23ರ ಮೈಕೆಲ್ ಫೆಲ್ಪ್ಸ್ ತಮ್ಮ 8ನೆಯ ಚಿನ್ನವನ್ನು ಗೆದ್ದರು. ನಮ್ಮ ಮನೆಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರೇ ಹೊರತು, ಈತ ಏನು ನುಂಗಿದನೆಂದು ಯಾರೂ ಕೇಳಲಿಲ್ಲ. ಯೌವನಕ್ಕೆ ನಾವು ಎಲ್ಲವನ್ನೂ ನಂಬಿ ಕೊಡುತ್ತೇವೆ. ಆದರೆ ಈಜಿನ ಚರಿತ್ರೆ ಹೇಳುವುದೇನು? ಆ ಕ್ರೀಡೆಯಲ್ಲಿ ನಡೆದ ಅತ್ಯಂತ ಘೋರವಾದ ಮದ್ದಿನ ಅಪರಾಧ ವಯಸ್ಸಾದವರದಲ್ಲ. ಪೂರ್ವ ಜರ್ಮನಿಯ ಸರ್ಕಾರ ಹದಿಹರೆಯದ ಹುಡುಗಿಯರಿಗೆ, ಜೀವಸತ್ವದ ಗುಳಿಗೆಯೆಂದು ಹೇಳಿ, ಗಂಡು ಹಾರ್ಮೋನಿನ ಗುಣವುಳ್ಳ ಮದ್ದು ತಿನ್ನಿಸಿತು. 1976ರ ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ ಹೆಂಗಸರ 13 ಈಜು ಸ್ಪರ್ಧೆಗಳಲ್ಲಿ 11 ಚಿನ್ನ ಆ ದೇಶಕ್ಕೇ ಹೋದುವು. ಆಗ ಅನುಮಾನದ ಮಾತಾಡಿದ ಅಮೆರಿಕದ ಶರ್ಲಿ ಬಾಬಶಾಫ್ ಅವರನ್ನು ಅವರ ದೇಶದ ಪತ್ರಿಕೆಗಳೇ ಸಿಡುಕಿಯೆಂದು ಹಂಗಿಸಿದುವು. ಆಕೆ ಹೇಳಿದುದು ನಿಜವೆಂದು ಗೋಡೆ ಬಿದ್ದ ಮೇಲೆ ಹೊರಬಿದ್ದ ಕಡತಗಳು ಸಾರಿದುವು. ಆ ದೇಶದ ಕ್ರೀಡಾ ಮುಖ್ಯಸ್ಥನಾಗಿದ್ದ ಮಾನ್‌ಫ್ರೆಡ್ ಎವಾಲ್ಡ್‌ಗೆ 2000ದಲ್ಲಿ ಬರ್ಲಿನ್ನಿನ ನ್ಯಾಯಾಲಯ ಶಿಕ್ಷೆ ವಿಧಿಸಿತು. 1988ರ ಸೋಲ್ ಒಲಿಂಪಿಕ್ಸಿನ ಫ್ರೀಸ್ಟೈಲ್ ರಿಲೇಯಲ್ಲಿ ಚಿನ್ನ ಇದೇ ಪೂರ್ವ ಜರ್ಮನಿಗೆ, ಕಂಚು ಅಮೆರಿಕಕ್ಕೆ. ಆ ಕಂಚಿನ ತಂಡದಲ್ಲಿ ಇದ್ದವರೊಬ್ಬರು 21ರ ಡಾರಾ ಟೊರೆಸ್!

ಅಂದು ಅನುಮಾನಿಸಬೇಕಾದಲ್ಲಿ ಲೋಕ ಅನುಮಾನಿಸಲಿಲ್ಲ. ಹಾಗೆಂದು ಅನುಮಾನವನ್ನೇ ಬಿಟ್ಟುಬಿಡಬೇಕೆಂದು ನಾನು ಹೇಳುವುದಿಲ್ಲ; ಶರ್ಲಿಯ ಕಥೆ ಅದಕ್ಕೆ ವಿರುದ್ಧವಾದುದನ್ನೇ ಹೇಳುತ್ತದೆ. ಆದರೆ ಅನುಮಾನ ಅಂಕಿ ಅಂಶಗಳ ಮೇಲೆ, ಕಡತಗಳ ಮೇಲೆ, ಸಾಕ್ಷಿಗಳ ಮೇಲೆ ನಿಲ್ಲಬೇಕು. ನಲವತ್ತು ದಾಟಿದ ಹೆಂಗಸಿನ ಮೈಯಲ್ಲಿ ಶಕ್ತಿಯಿರಲಾರದೆಂಬ ಹಳೆಯ ಊಹೆಯ ಮೇಲೆ ನಿಂತರೆ ಅದು ಬರಿಯ ಪೂರ್ವಗ್ರಹ. ಹಿಂದೆ ಈಜುಗಾರರು ಇಪ್ಪತ್ತೆರಡು ಇಪ್ಪತ್ತಮೂರಕ್ಕೇ ಕೊಳ ಬಿಡುತ್ತಿದ್ದುದಕ್ಕೆ ದೇಹ ಸೋತುದೊಂದೇ ಕಾರಣವಲ್ಲ. ಹವ್ಯಾಸಿಗಳಿಗೆ ಹಣ ಕೂಡದೆಂಬ ನಿಯಮದಿಂದ ಅವರಿಗೆ ಹೊಟ್ಟೆಪಾಡು ನೋಡಿಕೊಳ್ಳಬೇಕಾಗುತ್ತಿತ್ತು. ಆ ನಿಯಮ ಸಡಿಲಿದ ಮೇಲೆ ಉಳಿದು ಈಜುವವರು ಹೆಚ್ಚಾದರು. ಆಂಟನಿ ಅರ್ವಿನ್ 2016ರಲ್ಲಿ 35ರ ವಯಸ್ಸಿನಲ್ಲಿ ಒಲಿಂಪಿಕ್ ಚಿನ್ನ ಗೆದ್ದರು. ಬ್ರೆಜಿಲ್ಲಿನ ನಿಕೊಲಾಸ್ ಸಾಂತೋಸ್ 2022ರಲ್ಲಿ 42ರ ವಯಸ್ಸಿನಲ್ಲಿ ಕಿರುಕೊಳದ ವಿಶ್ವ ಚಾಂಪಿಯನ್ ಆದರು.

ಟೊರೆಸ್ ಅವರ ಕಥೆಯ ಕೊನೆಯ ಅಧ್ಯಾಯ ಈ ಪುಸ್ತಕದಲ್ಲಿಲ್ಲ. ಅದು ನಡೆದುದು 2012ರಲ್ಲಿ. 45ರ ವಯಸ್ಸಿನಲ್ಲಿ, ಹೊಸ ನಿಯಮದ ಉಡುಗೆ ತೊಟ್ಟು ಅಮೆರಿಕದ ಆಯ್ಕೆ ಸ್ಪರ್ಧೆಯಲ್ಲಿ ಈಜಿ, ಸೆಕೆಂಡಿನ ನೂರರಲ್ಲಿ ಒಂಬತ್ತು ಪಾಲಿನಷ್ಟು ಹಿಂದೆ ಬಿದ್ದು ಒಲಿಂಪಿಕ್ಸಿಗೆ ಹೋಗುವ ಅವಕಾಶ ಕಳೆದುಕೊಂಡರು. ವೇಳೆ 24.82. ವಯಸ್ಸು ಅಂಕಿ ಮಾತ್ರವಲ್ಲವೆಂದು ನೀರೇ ಉತ್ತರ ಕೊಟ್ಟಿತು. ಪುಸ್ತಕದ ಹೆಸರನ್ನು ಸುಳ್ಳಾಗಿಸಿದ ಆ ಸೋಲು ನನ್ನ ಮನಸ್ಸಿನಲ್ಲಿ ಅದರ ಕರ್ತೃವಿನ ಗೌರವವನ್ನು ಹೆಚ್ಚಿಸಿತು.

ಆಕೆ ನಿಷ್ಕಳಂಕರೆಂದು ನಾನು ಪ್ರಮಾಣ ಮಾಡಲಾರೆ, ಯಾರೂ ಮಾಡಲಾರರು. ಆದರೆ ಅಂದು ಕಾಫಿಯ ಲೋಟ ಹಿಡಿದು ನಾವು ಕೊಟ್ಟ ತೀರ್ಪಿಗೂ ಪ್ರಮಾಣವಿರಲಿಲ್ಲ. ಪುಸ್ತಕ ಓದಿ ಮುಗಿಸಿ ಭಾವನವರಿಗೆ ಕೊಟ್ಟಿದ್ದೇನೆ. ಅವರಿಗೀಗ ಎಪ್ಪತ್ತು ದಾಟಿದೆ. ಬೆಳಗಿನ ಜಾವ ನಾಲ್ಕು ಮೈಲಿ ನಡೆದು ಬರುತ್ತಾರೆ. “ಈ ವಯಸ್ಸಿನಲ್ಲಿ ಇದು ಹೇಗೆ ಸಾಧ್ಯ?” ಎಂದು ಯಾರಾದರೂ ಕೇಳಿದರೆ ಅವರಿಗೆ ಬಹಳ ಸಂತೋಷ.