ಕ್ಯಾಮರಾ ಕೇಳದೆ ಬಿಟ್ಟ ಪ್ರಶ್ನೆ

2005ರಲ್ಲಿ ತೆರೆಕಂಡ ‘ದಿ ಕಾನ್‌ಸ್ಟಂಟ್ ಗಾರ್ಡನರ್’ ಚಿತ್ರವನ್ನು ಔಷಧ ಕಂಪೆನಿಗಳ ಮೇಲಿನ ಆರೋಪಪಟ್ಟಿ ಎಂದು ಹೊಗಳುವವರು ಈಗಲೂ ಇದ್ದಾರೆ. ಜಾನ್ ಲ ಕಾರೆಯ ಕಾದಂಬರಿಯನ್ನು ಆಧರಿಸಿ ಫರ್ನಾಂಡೊ ಮೀರೆಲೆಸ್ ನಿರ್ದೇಶಿಸಿದ ಇದರ ಕತೆ ನಡೆಯುವುದು ಕೀನ್ಯಾದಲ್ಲಿ. ಕ್ಷಯರೋಗದ ಹೊಸ ಮದ್ದೊಂದನ್ನು ಬಡ ರೋಗಿಗಳ ಮೇಲೆ ಪ್ರಯೋಗಿಸಲಾಗುತ್ತದೆ. ಒಪ್ಪದವರಿಗೆ ಬೇರಾವ ಚಿಕಿತ್ಸೆಯೂ ಇಲ್ಲ. ಸತ್ತವರ ಹೆಸರು ದಾಖಲೆಯಿಂದಲೇ ಮಾಯ.

ಕತೆ ಕಲ್ಪಿತ, ಸಿಟ್ಟು ಕಲ್ಪಿತವಲ್ಲ. 1996ರಲ್ಲಿ ನೈಜೀರಿಯದ ಕಾನೊದಲ್ಲಿ ಮೆನಿಂಜೈಟಿಸ್ ಹಬ್ಬಿದ್ದಾಗ ಫೈಝರ್ ಕಂಪೆನಿ ಸುಮಾರು 200 ಮಕ್ಕಳನ್ನು ಸೇರಿಸಿಕೊಂಡು ಟ್ರೊವಾನ್ ಎಂಬ ಮದ್ದನ್ನು ಪರೀಕ್ಷಿಸಿತು. 11 ಮಕ್ಕಳು ಸತ್ತರು. ಇದು ಪ್ರಯೋಗವೆಂದು ನಮಗೆ ಯಾರೂ ಹೇಳಿರಲಿಲ್ಲ ಎಂದು ಹೆತ್ತವರು ದೂರಿದರು. ಕಂಪೆನಿ ತಪ್ಪೊಪ್ಪಲಿಲ್ಲ, 2009ರಲ್ಲಿ ಕಾನೊ ಸರಕಾರದೊಂದಿಗೆ ರಾಜಿ ಮಾಡಿಕೊಂಡಿತು. 2003ರಲ್ಲಿ ಅದೇ ಕಾನೊ ಪೋಲಿಯೊ ಲಸಿಕೆಯನ್ನು ನಿಲ್ಲಿಸಿದಾಗ ಎಲ್ಲರೂ ಮೌಢ್ಯವೆಂದು ಜರೆದರು. ಆ ಗುಮಾನಿಯ ಹಿಂದೆ ಈ ನೆನಪೂ ಇತ್ತೆಂಬುದನ್ನು ಹೇಳಿದವರು ಕಡಿಮೆ.

ಹೀಗಿದ್ದೂ ಚಿತ್ರದ ಬಗ್ಗೆ ನನ್ನದೊಂದು ತಕರಾರಿದೆ. ಮದ್ದು ತಿಂದು ಸಾಯುವ ವಾಂಝಾ ಏನು ಬಯಸಿದ್ದಳು? ನಮಗೆ ಗೊತ್ತಾಗುವುದೇ ಇಲ್ಲ. ಅವಳ ಹಸುಗೂಸನ್ನು ಎತ್ತಿಕೊಂಡು ತಮ್ಮ ದೂರದ ಊರಿಗೆ ನಡೆದೇ ಹೋಗುತ್ತಾನೆ. ಅವರನ್ನು ಕಾರಿಗೆ ಹತ್ತಿಸಿಕೊಳ್ಳೋಣ ಎನ್ನುತ್ತಾಳೆ ಹೆಂಡತಿ, ಬೇಡ ಎನ್ನುತ್ತಾನೆ ಗಂಡ. ನಿರ್ದೇಶಕನಿಗೆ ಆ ಹಾದಿ ಬೇಕಾಗಿರುವುದು ಬ್ರಿಟಿಷ್ ಅಧಿಕಾರಿಯ ಮನಃಪರಿವರ್ತನೆಗಾಗಿ ಮಾತ್ರ. ಆಸ್ಪತ್ರೆ ಅಷ್ಟು ದೂರ ಏಕಿದೆ, ಆ ಊರಿನ ಕಾಯಿಲೆಗಳ ಮೇಲೆ ಯಾರಾದರೂ ಸಂಶೋಧನೆ ನಡೆಸಿದ್ದಾರೆಯೇ ಎಂದು ಕ್ಯಾಮರಾ ಕೇಳುವುದಿಲ್ಲ. ಪ್ರಯೋಗಗಳು ಹಳ್ಳಿಯತ್ತ ಸುಳಿಯದಿದ್ದರೆ ಸಾಕು ಎಂಬ ಭಾವನೆಯೊಂದಿಗೆ ಪ್ರೇಕ್ಷಕ ಎದ್ದು ಹೋಗುತ್ತಾನೆ.

ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ನಡೆದದ್ದೂ ಪ್ರಯೋಗವೇ. ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ಅವರ ‘ಸರ್ಚ್’ ಸಂಸ್ಥೆ 39 ಹಳ್ಳಿಗಳಲ್ಲಿ ಊರಿನ ಹೆಂಗಸರಿಗೇ ತರಬೇತಿ ಕೊಟ್ಟು, ಮನೆಮನೆಗೆ ಕಳುಹಿಸಿ, ನವಜಾತ ಶಿಶುಗಳ ಸೋಂಕಿಗೆ ಇಂಜೆಕ್ಷನ್ ಕೂಡಾ ಕೊಡಿಸಿತು. ಓದು ಕಡಿಮೆಯಿರುವ ಹೆಂಗಸಿನ ಕೈಗೆ ಸೂಜಿಯೇ! ಮೂರನೇ ವರ್ಷದ ಹೊತ್ತಿಗೆ ನವಜಾತ ಶಿಶುಮರಣ, ಹೋಲಿಕೆಯ ಹಳ್ಳಿಗಳಿಗಿಂತ 62 ಶೇಕಡಾ ಇಳಿದಿತ್ತು. 1999ರಲ್ಲಿ ‘ಲ್ಯಾನ್ಸೆಟ್’ ಇದನ್ನು ಪ್ರಕಟಿಸಿತು. 2011ರಿಂದ ಆಶಾ ಕಾರ್ಯಕರ್ತೆಯರು ದೇಶದಾದ್ಯಂತ ಬಾಣಂತಿಯರ ಮನೆಗೆ ಹೋಗಿ ಕೂಸು ನೋಡಿ ಬರುವ ಕಾರ್ಯಕ್ರಮದ ಬೇರು ಇಲ್ಲಿದೆ.

ಇಲ್ಲಿಯೂ ಮುಳ್ಳಿಲ್ಲದಿಲ್ಲ. ಹೋಲಿಕೆಗೆಂದು ಇಟ್ಟ 47 ಹಳ್ಳಿಗಳ ಕೂಸುಗಳಿಗೆ ಆ ವರ್ಷಗಳಲ್ಲಿ ಈ ಆರೈಕೆ ದಕ್ಕಲಿಲ್ಲ. ಈ ಪ್ರಶ್ನೆಯನ್ನು ಎತ್ತುವ ಹಕ್ಕು ಮೊದಲು ಇರಬೇಕಾದದ್ದು ಆ ಹಳ್ಳಿಗಳ ತಾಯಂದಿರಿಗೆ. ವಾಂಝಾಳಿಗೆ ಮೀರೆಲೆಸ್ ಅಷ್ಟನ್ನಾದರೂ ಕೊಡಬಹುದಿತ್ತು.