ಕೇಪು ಕಿತ್ತ ಕೋವಿ

  ಹರಾಜಿಗೆ ಬಂದ, ಸ್ವೀಡನ್ನಿನ ರೈತರ ಸ್ನ್ಯಾಪ್‌ಲಾಕ್, ಅಂದರೆ ಚಕಮಕಿ ಕಲ್ಲನ್ನು ಉಕ್ಕಿಗೆ ಬಡಿದು ಕಿಡಿ ಹುಟ್ಟಿಸುವ ಹಳೆಯ ಲಾಕಿನ ಕೋವಿಯೊಂದರ ಫೋಟೊ ನೋಡಿದ ಮೇಲೆ ಬೇರೇನೂ ಬರೆಯಲು ಮನಸ್ಸಾಗುತ್ತಿಲ್ಲ.

ದಪ್ಪ ನಳಿಗೆ, ಭುಜಕ್ಕೆ ಕೊಡದೆ ಕೆನ್ನೆಗೆ ಒತ್ತಿ ಹಿಡಿಯುವ ಗಿಡ್ಡ ಮರ, ಹೊರಗೇ ಕಾಣುವ ಉದ್ದನೆಯ ಸ್ಪ್ರಿಂಗು, ಎಲ್ಲವೂ ಸರಿಯಾಗಿಯೇ ಇದ್ದವು. ನಳಿಗೆಯ ಬುಡವನ್ನು ದೊಡ್ಡದು ಮಾಡಿ ನೋಡಿದಾಗ, ಕಿಡಿ ಒಳಹೋಗುವ ತೂತಿನ ಸುತ್ತ ಉಂಗುರದಂಥ ಗೆರೆ ಕಂಡಿತು. ಬಡಿದರೆ ಸಿಡಿಯುವ ಕೇಪನ್ನು ಕೂರಿಸುವ ಕೊಳವೆ, ಅಂದರೆ ನಿಪ್ಪಲ್ ಕಿತ್ತು, ಅಗಲವಾದ ತೂತನ್ನು ಮುಚ್ಚಿ, ಮತ್ತೆ ಸಣ್ಣದಾಗಿ ಕೊರೆದ ಗುರುತು ಅದು. ಮದ್ದಿನ ಬಟ್ಟಲು ಹೊಚ್ಚಹೊಸದು. ಚಕಮಕಿ ಕಲ್ಲು ಬಡಿಯುವ ಉಕ್ಕಿನ ಮೇಲೆ ಒಂದು ಗೀರೂ ಇಲ್ಲ. ಅಂದರೆ ಹಿಂದೆ ಕೇಪಿಗೆ ಬದಲಾಗಿದ್ದ ಕೋವಿಯನ್ನು ಯಾರೋ ಮತ್ತೆ ಚಕಮಕಿಗೆ ತಿರುಗಿಸಿದ್ದಾರೆ.

‘ಮೂಲರೂಪಕ್ಕೆ ತಂದಿದ್ದೇವೆ’ ಎನ್ನುವ ಪಂಥದೊಂದಿಗೆ ನನ್ನ ಜಗಳ ಹಳೆಯದು. ಅವರು ತರುವುದು ಬೆಲೆಯನ್ನು ಮಾತ್ರ. ಕೇಪಿನ ಕೋವಿಗಿಂತ ಚಕಮಕಿ ಕೋವಿಗೆ ಹೆಚ್ಚು ಹಣ ಹುಟ್ಟುತ್ತದೆ. 1890ಕ್ಕೆ ಮೊದಲು ತಯಾರಾದ, ತೋಟಾ ಬಳಸದ ಕೋವಿಗೆ ಸ್ವೀಡನ್ನಿನಲ್ಲಿ ಲೈಸೆನ್ಸೂ ಬೇಡ. ಹಾಗಾಗಿ ಈ ಕಸುಬಿಗೆ ಅಡ್ಡಿಯೇ ಇಲ್ಲ.

ಅವರು ಅಳಿಸುವುದೇನೆಂದು ತಿಳಿಯಲು ಸ್ವಲ್ಪ ಚರಿತ್ರೆ ಬೇಕು. ಸ್ನ್ಯಾಪ್‌ಲಾಕ್ 16ನೇ ಶತಮಾನದ ನಡುಭಾಗದಲ್ಲೇ ಸ್ವೀಡನ್ನಿನಲ್ಲಿತ್ತು. ಮುಂದಿನ ಶತಮಾನದ ಆರಂಭದಲ್ಲಿ ಫ್ರಾನ್ಸಿನಲ್ಲಿ ಫ್ಲಿಂಟ್‌ಲಾಕ್ ಹುಟ್ಟಿತು. ಆ ಹುಟ್ಟನ್ನು ಅಲ್ಲಿನ ಕೋವಿ ತಯಾರಕ ಮರಿನ್ ಲ ಬುರ್ಜ್ವಾನ ಕೆಲಸದಲ್ಲಿ ಗುರುತಿಸಿದ ಮಹಾಗ್ರಂಥ ಬರೆದವರು ಸ್ವೀಡನ್ನಿನ ತೋರ್ಸ್ಟನ್ ಲೆಂಕ್, 1939ರಲ್ಲಿ. ಆ ಪುಸ್ತಕವನ್ನು ನಾನು ತಲೆಯ ಮೇಲಿಟ್ಟುಕೊಳ್ಳುತ್ತೇನೆ. ಆದರೆ ಅದನ್ನು ಓದಿಕೊಂಡ ಕೆಲವರು, ಫ್ಲಿಂಟ್‌ಲಾಕ್ ಬಂದ ಮೇಲೂ ಸ್ನ್ಯಾಪ್‌ಲಾಕ್ ಬಿಡದ ರೈತನನ್ನು ಹಿಂದುಳಿದವನೆಂದು ಬಗೆಯುತ್ತಾರೆ. ಅದು ಶುದ್ಧ ತಪ್ಪು. ಫ್ಲಿಂಟ್‌ಲಾಕಿನಲ್ಲಿ ಉಕ್ಕು ಮತ್ತು ಬಟ್ಟಲಿನ ಮುಚ್ಚಳ ಒಂದೇ ತುಂಡು. ಸ್ನ್ಯಾಪ್‌ಲಾಕಿನಲ್ಲಿ ಬೇರೆ ಬೇರೆ. ಉಕ್ಕನ್ನು ಮುಂದಕ್ಕೆ ಮಡಚಿಟ್ಟರೆ ಕಲ್ಲು ಹಿಡಿದ ಕುದುರೆ ಬಿದ್ದರೂ ಈಡು ಹಾರದು. ಸ್ಪ್ರಿಂಗು ಹೊರಗಿರುವುದರಿಂದ ಹಳ್ಳಿಯ ಕಮ್ಮಾರನಿಗೂ ರಿಪೇರಿ ಸುಲಭ. ಕಾಡಿನಲ್ಲಿ ಬದುಕುವವನಿಗೆ ಇದಕ್ಕಿಂತ ಒಳ್ಳೆಯ ಲೆಕ್ಕಾಚಾರ ಯಾವುದು?

ಈ ರೈತರು ಸಾಮಾನ್ಯರೂ ಅಲ್ಲ. 1866ರವರೆಗೆ ನಡೆದ ನಾಲ್ಕು ವರ್ಗಗಳ ಸಂಸತ್ತಿನಲ್ಲಿ ಅವರದೇ ಒಂದು ಸದನವಿತ್ತು. 1789ರಲ್ಲಿ ಮೂರನೇ ಗುಸ್ತಾವ್ ದೊರೆ, ಸ್ವಂತ ಜಮೀನಿನಲ್ಲಿ ಬೇಟೆಯಾಡುವ ಹಕ್ಕನ್ನೂ ಅವರಿಗೆ ಕೊಟ್ಟ. 19ನೇ ಶತಮಾನದಲ್ಲಿ ಕೇಪು ಬಂದಾಗ, ಹಿಮಕ್ಕೆ ಮದ್ದು ಒದ್ದೆಯಾಗುವ ಕಾಟ ತಪ್ಪಿತೆಂದು ಅಜ್ಜನ ಕೋವಿಯನ್ನು ಕಮ್ಮಾರನ ಬಳಿ ಒಯ್ದವರೂ ಅವರೇ. ಆ ಬದಲಾವಣೆ ಕೋವಿಗಾದ ಗಾಯವಲ್ಲ, ಅದರ ಚರಿತ್ರೆಯ ಅರ್ಧಭಾಗ. ಅದನ್ನು ಅಳಿಸಿದವನು ದಾಖಲೆಯನ್ನೇ ಅಳಿಸಿದಂತೆ.

ಕೊಳ್ಳುವವರು ಲಾಕ್ ಬಿಚ್ಚಿ ತೋರಿಸಿ ಎಂದು ಕೇಳಿ. ಮುಚ್ಚಿದ ಸ್ಕ್ರೂ ತೂತುಗಳಿವೆಯೇ ನೋಡಿ. ನಿಪ್ಪಲ್ ಇದ್ದ ಕಡೆ ಕೇಪಿನ ಮದ್ದು ಕಬ್ಬಿಣವನ್ನು ತಿಂದು ಸಣ್ಣ ಸಣ್ಣ ಕುಳಿ ಮಾಡಿರುತ್ತದೆ. ಬಟ್ಟಲು ಎಷ್ಟೇ ಹೊಳೆಯಲಿ, ಆ ಕುಳಿಗಳು ಸುಲಭಕ್ಕೆ ಮಾಯವಾಗವು. ಬಿಚ್ಚಲು ಒಪ್ಪದವನಿಂದ ಕೊಳ್ಳಬೇಡಿ. ಕೇಪು ಉಳಿಸಿಕೊಂಡ ಕೋವಿ ಸಿಕ್ಕರೆ, ಅದು ಅಗ್ಗವಾಗಿರುವಾಗಲೇ ಕೊಂಡುಬಿಡಿ.