ಕಿವಿ ಹೇಳಿದಂತೆ ಬೆರಳು

ಸ್ತ್ರೀ ಎಂಬ ಒಂದಕ್ಷರದ ಪದವನ್ನು ಕಂಪ್ಯೂಟರಿನ ‘ನುಡಿ’ ಕೀಲಿಮಣೆಯಲ್ಲಿ ಒಮ್ಮೆ ನಿಧಾನವಾಗಿ ಬರೆದು ನೋಡಿ. ಮೊದಲು ಸ ಬರುತ್ತದೆ. ಎಫ್ ಕೀಲಿ ಒತ್ತಿದರೆ ಅದರ ಅಕಾರ ಕಳಚಿ ಸ್ ಆಗುತ್ತದೆ. ಆಮೇಲೆ ತ ಒತ್ತಿದರೆ ಅದು ಸಾಲಿನಲ್ಲಿ ಪಕ್ಕಕ್ಕೆ ನಿಲ್ಲುವುದಿಲ್ಲ, ಕೆಳಗಿಳಿದು ಸಕಾರದ ಪಾದಕ್ಕೆ ಒತ್ತಾಗಿ ಕೂರುತ್ತದೆ. ಮತ್ತೆ ಎಫ್, ಮತ್ತೆ ರ. ಈಗ ರಕಾರವೂ ತನ್ನ ದುಂಡು ರೂಪ ಬಿಟ್ಟು ಒಂದು ಬಳುಕು ಗೆರೆಯಾಗಿ ಆ ಒತ್ತಿನ ಮಗ್ಗುಲು ಸೇರುತ್ತದೆ. ಕಡೆಗೆ ಈಕಾರ ಒತ್ತಿದಾಗ ಮೇಲೆ ತಲೆಕಟ್ಟು ಗುಡಿಸಾಗಿ ತಿರುಗುತ್ತದೆ, ಎಲ್ಲಕ್ಕೂ ಆಚೆ ದೀರ್ಘದ ಸುರುಳಿ ಬಂದು ನಿಲ್ಲುತ್ತದೆ. ಕೈಬರಹದಲ್ಲಿ ಒಂದೇ ಓಟಕ್ಕೆ ಮುಗಿದುಹೋಗುವ ಅಕ್ಷರ ಇಲ್ಲಿ ಹಂತಹಂತವಾಗಿ, ನಮ್ಮ ಕಣ್ಣೆದುರೇ ಹುಟ್ಟುತ್ತದೆ. ಎಷ್ಟು ಸಲ ಬರೆದರೂ ನನಗೆ ಇದನ್ನು ನೋಡುವ ಆಸೆ ತೀರಿಲ್ಲ.

ದಿನಕ್ಕೊಂದಿಷ್ಟು ಬರೆಯುವ ಅಭ್ಯಾಸ ನನಗೆ ಹತ್ತಿದ್ದು ಈ ಕೀಲಿಮಣೆ ಕೈಗೆ ಹತ್ತಿದ ಮೇಲೆ. ಯಾರೂ ಕೇಳಿದ್ದಲ್ಲ, ಎಲ್ಲಿಗೂ ಕಳಿಸಬೇಕೆಂದಲ್ಲ. ಬೆಳಗಿನ ಕಾಫಿ ಆದಮೇಲೆ ಕೂತು, ಹಿಂದಿನ ದಿನ ಕಂಡದ್ದನ್ನೋ ಕೇಳಿದ್ದನ್ನೋ ಒಂದು ಪುಟದಷ್ಟು ಬರೆಯುವುದು. ಬೀದಿಯಲ್ಲಿ ಸೊಪ್ಪು ಮಾರುವವಳ ಕೂಗು, ಮಳೆಗೆ ಮೊದಲು ಬೀಸಿದ ಗಾಳಿ, ಬಸ್ಸಿನಲ್ಲಿ ಪಕ್ಕ ಕೂತ ಅಜ್ಜನ ಮಾತು. ವಿಷಯ ದೊಡ್ಡದಾಗಬೇಕಿಲ್ಲ. ಬರೆಯುವ ಸುಖ ವಿಷಯಕ್ಕಿಂತ ಮೊದಲು ಅಕ್ಷರದಲ್ಲೇ ಶುರುವಾಗುತ್ತದೆ, ಅಕ್ಷರದ ಸುಖ ಕಿವಿಯಲ್ಲಿ ಶುರುವಾಗುತ್ತದೆ ಎಂಬುದು ನಾನು ಹೀಗೆ ಬರೆಯುತ್ತ ಕಂಡುಕೊಂಡ ಮಾತು.

ಇದಕ್ಕೆ ನಾನು ಋಣಿಯಾಗಿರುವುದು ಕಿನ್ನಿಕಂಬಳ ಪದ್ಮನಾಭ ರಾಯರಿಗೆ, ಎಲ್ಲರೂ ಬಲ್ಲ ಹೆಸರಿನಲ್ಲಿ ಕೆ.ಪಿ. ರಾವ್ ಅವರಿಗೆ. ಮಂಗಳೂರಿನ ಹತ್ತಿರದ ಊರಿನವರು, ಮುದ್ರಣ ತಂತ್ರಜ್ಞಾನದ ಒಳಹೊರಗು ಬಲ್ಲವರು, ಲಿಪಿಗಳ ಬಗ್ಗೆ ಆಳವಾಗಿ ಯೋಚಿಸಿದವರು. ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವೇ ಮುಂದೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದ ಮೂಲಕ ನಾಡಿನ ಕಚೇರಿ, ಶಾಲೆ, ಮನೆಗಳಿಗೆ ಹೋಯಿತು. ಇಂಗ್ಲಿಷ್ ಕೀಲಿಮಣೆಯ 26 ಅಕ್ಷರಗಳ ಜಾಗದಲ್ಲೇ ಇಡೀ ವರ್ಣಮಾಲೆ ಕೂತಿದೆ. ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ಎಲ್ ಒತ್ತಿದರೆ ಲ, ಶಿಫ್ಟಿನ ಜೊತೆ ಳ. ಟ ಮತ್ತು ಡ ಮಾತ್ರ ಕ್ಯೂ ಮತ್ತು ಡಬ್ಲ್ಯೂ ಕೀಲಿಗಳಿಗೆ ಹೋಗಿವೆ, ಷ ಎಕ್ಸ್ ಕೀಲಿಯಲ್ಲಿದೆ. ಅಷ್ಟು ನೆನಪಿಟ್ಟರೆ ಸಾಕು, ಉಳಿದದ್ದು ಬೆರಳಿಗೆ ತಾನಾಗಿಯೇ ಬರುತ್ತದೆ.

ಈ ವಿನ್ಯಾಸದ ಒಳಗಿರುವುದು ನಾವೆಲ್ಲ ಒಂದನೇ ತರಗತಿಯಲ್ಲಿ ರಾಗವಾಗಿ ಒಪ್ಪಿಸಿದ ಕಾಗುಣಿತವೇ. ಕಕ್ಕೆ ತಲಕಟ್ಟು ಕ, ಕಕ್ಕೆ ಇಳಿ ಕಾ, ಕಕ್ಕೆ ಗುಡಿಸು ಕಿ. ಇಲ್ಲೂ ಅಷ್ಟೇ. ವ್ಯಂಜನ ಒತ್ತಿ ಸ್ವರ ಒತ್ತಿದರೆ ಆ ಸ್ವರ ತಾನೇ ಗುಡಿಸೋ ಕೊಂಬೋ ಆಗಿ ವ್ಯಂಜನಕ್ಕೆ ಅಂಟಿಕೊಳ್ಳುತ್ತದೆ. ಪದದ ಮೊದಲಲ್ಲಿ ಒತ್ತಿದರೆ ಅದೇ ಕೀಲಿ ಇಡೀ ಸ್ವರಾಕ್ಷರವನ್ನು ಕೊಡುತ್ತದೆ. ಗುಡಿಸಿಗೊಂದು ಕೀಲಿ, ಕೊಂಬಿಗೊಂದು ಕೀಲಿ ಎಂದು ಹುಡುಕುವ ಗೋಜಿಲ್ಲ. ನಾವು ಆಕಾರಗಳನ್ನು ಜೋಡಿಸಬೇಕಿಲ್ಲ, ಬಾಯಲ್ಲಿ ಆಡಿದ ಕ್ರಮದಲ್ಲೇ ಧ್ವನಿಗಳನ್ನು ಒಪ್ಪಿಸಿದರಾಯಿತು.

ಆ ಕ್ರಮ ಎಷ್ಟು ಸೊಗಸಾದದ್ದು ಎಂಬುದು ಅರ್ಕಾವತ್ತಿನಲ್ಲಿ ಕಾಣುತ್ತದೆ. ಸೂರ್ಯ ಎನ್ನುವಾಗ ಮೊದಲು ಕೇಳುವುದು ರ್, ಆಮೇಲೆ ಯ. ಕನ್ನಡದ ಬರಹದಲ್ಲಿ ಮಾತ್ರ ಯಕಾರ ಮೊದಲು, ಅದರ ಬಲಕ್ಕೆ ಅರ್ಕಾವತ್ತು. ಕೀಲಿಮಣೆಯಲ್ಲಿ ಕಿವಿಯ ಕ್ರಮದಲ್ಲೇ ಮೊದಲು ರ, ಆಮೇಲೆ ಎಫ್ ಒತ್ತುತ್ತೇವೆ. ಒಂದು ಕ್ಷಣ ಅದು ಸಾಲಿನ ನಡುವೆ ರ್ ಆಗಿ ನಿಂತಿರುತ್ತದೆ. ಯ ಒತ್ತಿದ ಕೂಡಲೇ, ತುಂಬಿದ ಬಸ್ಸಿನಲ್ಲಿ ಹಿರಿಯರಿಗೆ ಸೀಟು ಬಿಟ್ಟುಕೊಟ್ಟು ಪಕ್ಕಕ್ಕೆ ಸರಿದು ನಿಂತವರಂತೆ, ರಕಾರ ತನ್ನ ಜಾಗವನ್ನು ಯಕಾರಕ್ಕೆ ಬಿಟ್ಟು ಹಿಂದೆ ಹೋಗಿ ಅರ್ಕಾವತ್ತಾಗುತ್ತದೆ. ಧರ್ಮ, ವರ್ಷ, ಕಾರ್ತಿಕ, ಪೂರ್ಣಿಮೆ ಎಂದು ಬರೆಯುವಾಗಲೆಲ್ಲ ಈ ಪುಟ್ಟ ವಿನಯ ಪರದೆಯ ಮೇಲೆ ನಡೆಯುತ್ತಲೇ ಇರುತ್ತದೆ.

ಹಿಂದೆ ಹೀಗಿರಲಿಲ್ಲ. ಮೊಳೆ ಜೋಡಿಸುವ ಕಾಲದಲ್ಲಿ ಕನ್ನಡದ ಒಂದು ಸಾಲು ಕಟ್ಟಬೇಕಾದರೆ ಅಕ್ಷರಕ್ಕೆ, ಒತ್ತಿಗೆ, ದೀರ್ಘಕ್ಕೆ ಬೇರೆಬೇರೆ ಮೊಳೆ ಆರಿಸಬೇಕಿತ್ತು. ಟೈಪ್‌ರೈಟರ್ ಬಂದಾಗಲೂ ಬೆರಳು ಧ್ವನಿಯನ್ನಲ್ಲ, ಅಕ್ಷರದ ತುಂಡುಗಳನ್ನು ನೆನಪಿಡಬೇಕಿತ್ತು. ಕಂಪ್ಯೂಟರಿಗೆ ಕನ್ನಡ ಬಂದ ಆರಂಭದ ವರ್ಷಗಳಲ್ಲೂ ಒಳಗೆ ಉಳಿಯುತ್ತಿದ್ದುದು ಅಕ್ಷರವಲ್ಲ, ಅದರ ಚಿತ್ರದ ತುಂಡು. ಅದೇ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡದ ಪತ್ರವೆಲ್ಲ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗಜಿಬಿಜಿಯಾಗಿ ಕಾಣುತ್ತಿತ್ತು. ಆ ದಿನಗಳಲ್ಲೇ, 1998ರಲ್ಲಿ, ಶೇಷಾದ್ರಿವಾಸು ಅವರು ‘ಬರಹ’ ತಂತ್ರಾಂಶವನ್ನು ಕೊಟ್ಟರು. ಕಡಲಾಚೆಯ ಕನ್ನಡಿಗರು ಮನೆಗೆ ಕನ್ನಡದಲ್ಲೇ ಪತ್ರ ಬರೆಯುವಂತಾದದ್ದರಲ್ಲಿ ಅದರ ಪಾಲು ದೊಡ್ಡದು. ಆಮೇಲೆ ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಸಂಕೇತಪಟ್ಟಿಯಾದ ಯೂನಿಕೋಡ್ ಎಲ್ಲೆಡೆ ನೆಲೆಯೂರಿತು. ಅದರಲ್ಲಿ ಕನ್ನಡಕ್ಕೆ 128 ಮನೆಗಳ ಒಂದು ಓಣಿ ಮೀಸಲಾಗಿದೆ. ಪ್ರತಿ ಅಕ್ಷರಕ್ಕೂ ಅದರದ್ದೇ ಮನೆ, ಪ್ರತಿ ಮನೆಗೂ ಸಂಖ್ಯೆ. ಒಳಗೆ ಉಳಿಯುವುದು ಧ್ವನಿಯ ಕ್ರಮ, ಒತ್ತು ಎಲ್ಲಿ ಕೂರಬೇಕೆಂದು ನೋಡಿಕೊಳ್ಳುವುದು ಫಾಂಟಿನ ಕೆಲಸ. ಇವತ್ತು ಬರೆದ ಸೂರ್ಯ ನಾಳೆ ಯಾವ ಯಂತ್ರದಲ್ಲಿ ತೆರೆದರೂ ಸೂರ್ಯನೇ.

ಇನ್ನು ನನಗೆ ಎಲ್ಲಕ್ಕಿಂತ ಪ್ರಿಯವಾದ ಸಂಗತಿಗೆ ಬರುತ್ತೇನೆ. ಕುಂದಾಪುರದ ಕಡೆಯ ನನ್ನ ಸೋದರತ್ತೆ ಫೋನಿನಲ್ಲಿ ಪತ್ರೊಡೆ ಮಾಡುವ ಬಗೆ ಹೇಳುತ್ತಿದ್ದರು. ನಾನು ಸ್ಪೀಕರ್ ಹಾಕಿ ಅವರ ಮಾತನ್ನು ಹಾಗೆಹಾಗೇ ಬರೆದುಕೊಳ್ಳುತ್ತಿದ್ದೆ. ಕೆಸುವಿನ ಎಲೆಯ ಹಿಂಬದಿಯ ದಪ್ಪ ನಾರು ಹೆರೆಯುವುದು, ನೆನೆಸಿದ ಅಕ್ಕಿಯನ್ನು ಮೆಣಸು, ಕೊತ್ತಂಬರಿ, ಹುಣಸೆಹಣ್ಣಿನ ಜೊತೆ ರುಬ್ಬುವುದು, ಎಲೆಗೆ ಸವರಿ ಒಂದರ ಮೇಲೊಂದಿಟ್ಟು ಸುತ್ತಿ ಹಬೆಯಲ್ಲಿ ಬೇಯಿಸುವುದು. ನಡುವೆ ಅತ್ತೆ ದನಿ ಏರಿಸಿ, “ಹುಳಿ ಕಮ್ಮಿ ಆದ್ರೆ ಗಂಟ್ಲ್ ತುರ್ಸತ್ತ್ ಕಾಣ್” ಎಂದರು. ಅದೊಂದು ಮಾತನ್ನು ಬರೆಯುವಾಗ ನನ್ನ ಎಡಗೈಯ ತೋರುಬೆರಳು ಎಫ್ ಕೀಲಿಯಿಂದ ಮೇಲೇಳಲೇ ಇಲ್ಲ ಎನ್ನಬೇಕು. ಗಂಟ್ಲ್ ಎಂಬಲ್ಲಿ ಟಕಾರದ ಕೆಳಗೆ ಲಕಾರ, ಅದರ ತುದಿಗೆ ಸ್ವರವಿಲ್ಲದ ನಿಲುಗಡೆ. ತುರ್ಸತ್ತ್ ಎಂಬಲ್ಲಿ ಸಕಾರಕ್ಕೊಂದು ಅರ್ಕಾವತ್ತು, ಕೊನೆಗೆ ತಕಾರದ ಕೆಳಗೆ ತಕಾರ, ಮತ್ತೆ ನಿಲುಗಡೆ. ಕಾಣ್ ಎಂಬಲ್ಲಿ ಇನ್ನೊಂದು. ಪುಸ್ತಕದ ಕನ್ನಡದಲ್ಲಿ ‘ಗಂಟಲು ತುರಿಸುತ್ತದೆ ನೋಡು’ ಎಂದು ಬರೆದಿದ್ದರೆ ಅರ್ಥ ಉಳಿಯುತ್ತಿತ್ತು, ಅತ್ತೆ ಉಳಿಯುತ್ತಿರಲಿಲ್ಲ.

ಎಫ್ ಕೀಲಿಯ ಮೇಲೆ ಸಣ್ಣದೊಂದು ಉಬ್ಬು ಗೆರೆ ಇರುತ್ತದೆ. ನೋಡದೆ ಟೈಪ್ ಮಾಡುವವರ ಎಡ ತೋರುಬೆರಳು ವಿಶ್ರಮಿಸುವ ಜಾಗ ಅದೇ. ಕನ್ನಡದ ಒತ್ತಕ್ಷರಗಳನ್ನೆಲ್ಲ ಹುಟ್ಟಿಸುವ ಕೀಲಿ ಬೆರಳು ಸದಾ ಮಲಗಿರುವ ಆ ಜಾಗದಲ್ಲೇ ಇದೆ ಎಂಬುದು ನನಗೆ ಬಹಳ ಹಿತವಾದ ವಿಷಯ. ಕನ್ನಡದ ಆಡುಮಾತಿಗೆ ಈ ಕೀಲಿಯಷ್ಟು ಬೇಕಾದದ್ದು ಇನ್ನೊಂದಿಲ್ಲ. ನಾವು ಮಾತಾಡುವಾಗ ಸ್ವರಗಳನ್ನು ನುಂಗುತ್ತೇವೆ, ವ್ಯಂಜನಗಳು ಒಂದಕ್ಕೊಂದು ತಾಗುತ್ತವೆ. ಮಾಡಿಕೊಂಡು ಎಂಬುದು ಮಾಡ್ಕೊಂಡು ಆಗುತ್ತದೆ, ಹೋಗಿಬಿಟ್ಟ ಎಂಬುದು ಹೋಗ್ಬಿಟ್ಟ ಆಗುತ್ತದೆ, ಕೇಳಬೇಕು ಎಂಬುದು ಕೇಳ್ಬೇಕು ಆಗುತ್ತದೆ. ಡಕಾರದ ಕೆಳಗೆ ಕಕಾರ, ಗಕಾರದ ಕೆಳಗೆ ಬಕಾರ, ಳಕಾರದ ಕೆಳಗೆ ಬಕಾರ. ವ್ಯಾಕರಣದ ಪಾಠದಲ್ಲಿ ಕಾಣದ ಈ ಒತ್ತುಗಳು ಜನರ ಬಾಯಲ್ಲಿ ದಿನವೂ ಹುಟ್ಟುತ್ತವೆ, ಈಗ ಅಷ್ಟೇ ಸಲೀಸಾಗಿ ಪರದೆಯ ಮೇಲೂ ಹುಟ್ಟುತ್ತವೆ.

ಒಂದೊಂದು ಸೀಮೆಯ ಮಾತಿಗೂ ಕೀಲಿಮಣೆಯ ಮೇಲೆ ಒಂದೊಂದು ನಡೆ ಇದೆ. ಕುಂದಾಪುರದ ಮಾತು ಪದದ ತುದಿಯನ್ನು ಕತ್ತರಿಸುತ್ತದೆ, ಅಲ್ಲಿ ಎಫ್ ಕೀಲಿಗೆ ಬಿಡುವಿಲ್ಲ. ಧಾರವಾಡದ ಕಡೆ ಬರ್ತೀನ್ರೀ, ಹೌದ್ರೀ, ಏನ್ ಮಾಡಾಕತ್ತೀರಿ ಎಂದು ಸ್ವರ ಎಳೆಯುತ್ತಾರೆ, ದೀರ್ಘ ಸ್ವರಕ್ಕೆಲ್ಲ ಶಿಫ್ಟ್ ಬೇಕಾದ್ದರಿಂದ ಅಲ್ಲಿ ಕಿರುಬೆರಳು ಆ ಕೀಲಿ ಬಿಟ್ಟು ಏಳುವುದಿಲ್ಲ. ಮೈಸೂರು ಸೀಮೆಯ ಹಳ್ಳಿಯ ಹೋಗ್ಬುಟ್ಟು, ತಿಂದ್ಬುಟ್ಟು ಎಂಬ ಮಾತುಗಳಲ್ಲಿ ಬೆರಳು ಮತ್ತೊಂದು ಲಯ ಹಿಡಿಯುತ್ತದೆ. ಕಣ್ಣು ಮುಚ್ಚಿ ಕೇಳಿದರೂ ಯಾವ ಸೀಮೆಯ ಮಾತು ಟೈಪಾಗುತ್ತಿದೆ ಎಂದು ಕೀಲಿಗಳ ಟಕಟಕದಿಂದಲೇ ಹೇಳಬಹುದೇನೋ ಎಂದು ನನಗೆ ಅನ್ನಿಸುತ್ತದೆ.

ಹಿರಿಯರು ಈ ಮಾತುಗಳನ್ನು ಪೆನ್ನಿನಿಂದಲೇ ಬರೆದು ದೊಡ್ಡ ಸಾಹಿತ್ಯವಾಗಿಸಿದರು. ಬೇಂದ್ರೆಯವರು ಧಾರವಾಡದ ಮಾತನ್ನು ಹಾಡಾಗಿಸಿದರು. ವೈದೇಹಿಯವರ ಕತೆಗಳಲ್ಲಿ ಕುಂದಾಪುರದ ಹೆಂಗಸರು ತಮ್ಮ ಮಾತಿನಲ್ಲೇ ಮನಸ್ಸು ಬಿಚ್ಚಿದರು. ದೇವನೂರ ಮಹಾದೇವರ ‘ಕುಸುಮಬಾಲೆ’ ನಂಜನಗೂಡು ಸೀಮೆಯ ನುಡಿಯನ್ನು ಕಾವ್ಯದ ಎತ್ತರಕ್ಕೆ ಒಯ್ದು 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಅವರಿಗಿದ್ದ ಕಿವಿ ನಮಗೆಲ್ಲ ಇಲ್ಲ. ಆದರೆ ಕೇಳಿದ್ದನ್ನು ಕೇಳಿದಂತೆ ಬರೆದಿಡುವ ಸಾಧನ ಈಗ ಯಾರ ಕೈಗೂ ಸಿಗುತ್ತದೆ, ಅದಕ್ಕೆ ಯಾರೂ ದೊಡ್ಡ ಲೇಖಕರಾಗಬೇಕಿಲ್ಲ.

ಮೊಬೈಲಿನಲ್ಲಿ ಬರೆಯುವಾಗ ಪದದ ಮೊದಲೆರಡು ಅಕ್ಷರಕ್ಕೇ ಪೂರ್ತಿ ಪದದ ಸಲಹೆ ಬರುತ್ತದೆ. ಆತುರದ ಸಂದೇಶಕ್ಕೆ ಅದು ಅನುಕೂಲವೇ. ಆದರೆ ಆ ಸಲಹೆಯ ಪಟ್ಟಿಯಲ್ಲಿ ತುರ್ಸತ್ತ್ ಸಿಗುವುದಿಲ್ಲ. ಆದ್ದರಿಂದ ಮನಸ್ಸಿಟ್ಟು ಬರೆಯುವಾಗ ನಾನು ಸಲಹೆಗಳನ್ನು ನಿಲ್ಲಿಸಿಟ್ಟು ಒಂದೊಂದೇ ಕೀಲಿ ಒತ್ತಿ ಬರೆಯುತ್ತೇನೆ. ಪದ ನನ್ನ ಕಿವಿಯಿಂದ ಬರಬೇಕು.

ಯೂನಿಕೋಡಿನ ಆ ಓಣಿಯಲ್ಲಿ ಹಳಗನ್ನಡಕ್ಕೂ ಮನೆಯಿದೆ. ಬಳಕೆ ತಪ್ಪಿದ ಱ ಮತ್ತು ೞ ಎರಡಕ್ಕೂ ಯೂನಿಕೋಡ್ ಜಾಗ ಕೊಟ್ಟಿದೆ. ೞಕಾರಕ್ಕೆ ಆ ಪಟ್ಟಿಯಲ್ಲಿ ತಪ್ಪಾಗಿ ‘ಫ’ ಎಂಬ ಹೆಸರು ಬಿದ್ದಿದೆ, ಒಮ್ಮೆ ಇಟ್ಟ ಹೆಸರು ಬದಲಾಯಿಸಕೂಡದೆಂಬ ನಿಯಮದಿಂದ ಹಾಗೇ ಉಳಿದಿದೆ. ಹೆಸರು ಏನೇ ಇರಲಿ, ಅಕ್ಷರ ಸುರಕ್ಷಿತವಾಗಿದೆ. ಪಂಪನನ್ನು ಓದುತ್ತ ಪೞಗನ್ನಡದ ಪದವೊಂದನ್ನು ಟಿಪ್ಪಣಿ ಮಾಡಿಕೊಳ್ಳುವಾಗ ಆ ಅಕ್ಷರ ಪರದೆಯ ಮೇಲೆ ಮೂಡಿದರೆ ಮನಸ್ಸು ತುಂಬುತ್ತದೆ. ಅತ್ತೆಯ ಪತ್ರೊಡೆಯೂ ಪಂಪನ ಕಾಲದ ಅಕ್ಷರವೂ ಒಂದೇ ಪುಟದಲ್ಲಿ ಅಕ್ಕಪಕ್ಕ ಇರಬಹುದು.

ಬರೆದ ಮೇಲೆ ನೋಡುವ ಸುಖ ಬೇರೆ. ಒಂದೇ ಬರಹವನ್ನು ಬೇರೆಬೇರೆ ಫಾಂಟಿನಲ್ಲಿ ನೋಡುತ್ತೇನೆ. ಮುಕ್ತವಾಗಿ ಸಿಗುವ ಕನ್ನಡ ಫಾಂಟುಗಳಲ್ಲಿ ಎರಡಕ್ಕೆ ಗುಬ್ಬಿ, ನವಿಲು ಎಂಬ ಮುದ್ದಾದ ಹೆಸರುಗಳಿವೆ. ಒಂದು ಫಾಂಟಿನಲ್ಲಿ ಗೆರೆ ಎಲ್ಲೆಡೆ ಸಮನಾಗಿದ್ದು ಅಕ್ಷರ ನೇರ ನಿಲ್ಲುತ್ತದೆ, ಇನ್ನೊಂದರಲ್ಲಿ ಗೆರೆ ದಪ್ಪವಾಗಿ ತೆಳುವಾಗಿ ಹರಿದು ಮಕಾರದ ಬಾಲ ತುಸು ಹೆಚ್ಚೇ ಸುರುಳುತ್ತದೆ. ದೂರದಿಂದ ಕಣ್ಣು ಕಿರಿದಾಗಿಸಿ ನೋಡಿದರೆ ಕನ್ನಡದ ಪುಟದಲ್ಲಿ ಮೂಲೆಗಳೇ ಇಲ್ಲ. ಎಲ್ಲ ಬಳುಕು, ಎಲ್ಲ ದುಂಡು, ಸಾಲಿನ ಕೆಳಗೆ ಒತ್ತುಗಳ ಇನ್ನೊಂದು ಸಣ್ಣ ಸಾಲು.

ಹೀಗೆ ಬರೆಯುತ್ತ ಬಂದಂತೆ ನನ್ನ ವಾಕ್ಯಗಳೂ ಬದಲಾಗಿವೆ. ಬರೆಯುವ ಮೊದಲು ಬಾಯಲ್ಲಿ ಹೇಳಿಕೊಳ್ಳುತ್ತೇನೆ, ಹೇಳಲು ತೊಡಕಾದ ವಾಕ್ಯವನ್ನು ಬಿಟ್ಟುಬಿಡುತ್ತೇನೆ. ಯಾರ ಮಾತನ್ನು ಬರೆಯಲಿ, ಅವರ ಎಳೆತ, ಅವರ ನಿಲುಗಡೆ ಎಲ್ಲಿದೆಯೆಂದು ಹೆಚ್ಚು ಗಮನವಿಟ್ಟು ಕೇಳುತ್ತೇನೆ. ಬರೆಯುವುದಕ್ಕಿಂತ ಕೇಳುವುದೇ ಜಾಸ್ತಿಯಾಗಿದೆ, ಅದರಿಂದ ಬರೆಯುವ ಸುಖವೂ ಜಾಸ್ತಿಯಾಗಿದೆ.

ನಿಮ್ಮ ಮನೆಯಲ್ಲೂ ಹೀಗೆ ಮಾತಾಡುವವರೊಬ್ಬರು ಇದ್ದೇ ಇರುತ್ತಾರೆ. ಅವರು ಉಪ್ಪಿನಕಾಯಿ ಹಾಕುವ ಬಗೆಯನ್ನೋ, ಹೊಲದ ಬದುವಿನ ಜಗಳವನ್ನೋ, ತಮ್ಮ ಮದುವೆಯ ದಿನವನ್ನೋ ಹೇಳುವಾಗ ಒಂದು ಪುಟದಷ್ಟು ಅವರ ಮಾತಿನಲ್ಲೇ ಬರೆದಿಡಿ. ತಿದ್ದಬೇಡಿ, ಪುಸ್ತಕದ ಕನ್ನಡಕ್ಕೆ ಎಳೆಯಬೇಡಿ. ಕಿವಿಗೆ ಬಿದ್ದ ಒತ್ತುಗಳನ್ನೆಲ್ಲ ಹಾಗೇ ಒತ್ತಿ. ಆಮೇಲೆ ಆ ಪುಟವನ್ನು ಅವರಿಗೇ ಗಟ್ಟಿಯಾಗಿ ಓದಿ ಹೇಳಿ. ಅವರು ನಡುವೆ ತಡೆದು, ಹಾಗಲ್ಲ ಹೀಗೆ ಎಂದು ಇನ್ನೊಂದು ಮಾತು ಸೇರಿಸಿದರೆ ಅದನ್ನೂ ಬರೆದುಕೊಳ್ಳಿ. ಬರವಣಿಗೆಯ ರುಚಿ ಹತ್ತುವುದು ಹಾಗೆಯೇ.